ಗುರುವಿಲ್ಲದ ಲಿಪ್ಯಭ್ಯಾಸ

ಜಪಾನೀ ಭಾಷೆಯನ್ನು ಗುರುಮುಖವಿಲ್ಲದೆ ಕಲಿಯಲು ಹೊರಟವನಿಗೆ ಮೊದಲ ಕೆಲವು ವಾರಗಳು ಸುಖವಾಗಿಯೇ ಕಳೆಯುವುವು. ಹಿರಗಾನ, ಕತಕಾನ ಎಂಬ ಎರಡು ಅಕ್ಷರಮಾಲೆಗಳಲ್ಲಿ ಒಂದೊಂದಕ್ಕೂ ಮೂಲಾಕ್ಷರಗಳು 46 ಮಾತ್ರ. ಅ, ಕ, ಸ, ತ, ನ, ಹ, ಮ, ಯ, ರ, ವ ಎಂಬ ಅವುಗಳ ಕ್ರಮವು ಬೌದ್ಧ ಭಿಕ್ಷುಗಳ ಮೂಲಕ ಅಲ್ಲಿಗೆ ಸಂದ ಸಂಸ್ಕೃತ ಶಿಕ್ಷಾಶಾಸ್ತ್ರದ ಗುರುತು. ಆಮೇಲೆ ಎದುರಾಗುವುದು ಕಾಂಜಿ, ಎಂದರೆ ಚೀನದಿಂದ ಬಂದ ಚಿಹ್ನೆಗಳ ಸಮೂಹ. ನಿತ್ಯವ್ಯವಹಾರಕ್ಕೆಂದು ಜಪಾನ್ ಸರ್ಕಾರವು 2010ರಲ್ಲಿ ಪರಿಷ್ಕರಿಸಿದ ಪಟ್ಟಿಯಲ್ಲಿ ಇವು 2,136. ಅಲ್ಲಿಯ ಮಕ್ಕಳೇ ಪ್ರಾಥಮಿಕ ಶಾಲೆಯ ಆರು ವರ್ಷಗಳಲ್ಲಿ 1,026ನ್ನು ಕಲಿಯುವರು.

ಇವೂ ಮೊದಲು ಆಟದಂತೆಯೇ ತೋರುವುವು. ಎರಡು ಮರಗಳು ಸೇರಿದರೆ ತೋಪು. ಮೂರು ಸೇರಿದರೆ ಅಡವಿ. ಮರದ ಮಗ್ಗುಲಲ್ಲಿ ಮನುಷ್ಯನು ನಿಂತರೆ ವಿಶ್ರಾಂತಿ. ಎಲ್ಲವೂ ಚಿತ್ರವೇ ಎಂದು ಹಿಗ್ಗುವಷ್ಟರಲ್ಲಿ ಆ ಸುಖ ಮುಗಿಯುವುದು. ಬಹುಪಾಲು ಕಾಂಜಿಗಳಲ್ಲಿ ಒಂದು ಭಾಗವು ಅರ್ಥವನ್ನೂ ಇನ್ನೊಂದು ಧ್ವನಿಯನ್ನೂ ಸೂಚಿಸುವುದು. ನೀಲಿಯ ಚಿಹ್ನೆಗೆ ‘ಸೇ’ ಎಂಬ ಉಚ್ಚಾರಣೆಯುಂಟು. ಅದರ ಎಡಕ್ಕೆ ನೀರು ಸೇರಿದರೆ ನಿರ್ಮಲ, ಸೂರ್ಯನು ಸೇರಿದರೆ ತಿಳಿಯಾದ ಬಾನು, ಮಾತು ಸೇರಿದರೆ ಯಾಚನೆ. ಮೂರಕ್ಕೂ ಉಚ್ಚಾರಣೆ ‘ಸೇ’ ಎಂದೇ. ಈ ಕೀಲನ್ನು ಅರಿತವನ ಹೊರೆ ಅರ್ಧ ಇಳಿಯಿತು. ಉಳಿದರ್ಧವು ಅಷ್ಟು ಸುಲಭವಲ್ಲ. ಹುಟ್ಟುವುದು, ಬದುಕುವುದು, ಹಸಿಯಾದುದು ಈ ಮೂರಕ್ಕೂ ಒಂದೇ ಚಿಹ್ನೆಯಿದ್ದು, ಅದನ್ನು ಸಂದರ್ಭಾನುಸಾರವಾಗಿ ಬೇರೆ ಬೇರೆಯಾಗಿ ಓದಬೇಕು.

ಪಾಠಶಾಲೆಯ ವಿದ್ಯಾರ್ಥಿಯು ಅಮರಕೋಶವನ್ನು ಕಿವಿಯಿಂದ ಕಲಿಯುವನು. ಶ್ಲೋಕದ ಮೊದಲ ಪದ ದೊರೆತರೆ ಉಳಿದುದು ತಾನಾಗಿ ನಾಲಗೆಗೆ ಬರುವುದು. ಕಾಂಜಿಗೆ ಛಂದಸ್ಸಿನ ಆಸರೆಯಿಲ್ಲ. ಅಲ್ಲಿ ನೆನಪು ನೆಲಸುವುದು ಕೈಯಲ್ಲಿ. ಗೆರೆಗಳನ್ನು ಮೇಲಿನಿಂದ ಕೆಳಕ್ಕೆ, ಎಡದಿಂದ ಬಲಕ್ಕೆ ನಿಯತಕ್ರಮದಲ್ಲಿ ಎಳೆದೆಳೆದೇ ಅದು ಕೂಡಬೇಕು. ಮರೆತ ಚಿಹ್ನೆಯನ್ನು ಜಪಾನೀಯರು ಅಂಗೈಯ ಮೇಲೋ ಗಾಳಿಯಲ್ಲೋ ಬೆರಳಾಡಿಸಿ ನೆನಪಿಗೆ ತಂದುಕೊಳ್ಳುವುದುಂಟು.

ಒಂಟಿಯಾಗಿ ಕಲಿಯುವವನು ಮೋಸಹೋಗುವುದು ಇಲ್ಲಿಯೇ. ಪುಸ್ತಕದಲ್ಲಿ ಕಂಡುದನ್ನು ಗುರುತಿಸಿದೊಡನೆ ವಿದ್ಯೆ ಬಂದಿತೆಂದು ಬಗೆಯುವನು. ಪುಸ್ತಕ ಮುಚ್ಚಿ ಬರೆಯಹೋದರೆ ಕೈ ನಿಲ್ಲುವುದು. ಕೇಳುವ ಗುರುವಿಲ್ಲದುದರಿಂದ ಅವನೇ ತನ್ನನ್ನು ಕೇಳಿಕೊಳ್ಳಬೇಕು: ಇಂದು ಕಲಿತುದನ್ನು ನಾಳೆ, ಮತ್ತೆ ನಾಲ್ಕು ದಿನಕ್ಕೆ, ಮತ್ತೆ ಹದಿನೈದು ದಿನಕ್ಕೆ. ಈಚೆಗೆ ಇದಕ್ಕೆ ಯಂತ್ರಸಾಧನಗಳೂ ಬಂದಿವೆ. ಚೀಟಿಗಳ ಕಟ್ಟೊಂದಿದ್ದರೂ ಸಾಕು. ಜೇಮ್ಸ್ ಹೈಸಿಗ್ ಎಂಬವರು 1977ರಲ್ಲಿ ಪ್ರಕಟಿಸಿದ ಪದ್ಧತಿಯಲ್ಲಿ ಮೊದಲು ಅರ್ಥ ಮತ್ತು ಬರೆವಣಿಗೆ, ಉಚ್ಚಾರಣೆ ಅನಂತರ. ಅದರಿಂದ ಲಾಭ ಪಡೆದವರು ಅನೇಕರು. ಆದರೂ ವಾಕ್ಕನ್ನೂ ಅರ್ಥವನ್ನೂ ಬಹುಕಾಲ ಅಗಲಿಸಿಡುವುದು ಸಂಸ್ಕೃತಜ್ಞನಿಗೆ ರುಚಿಸುವ ಮಾತಲ್ಲ.

ಕೆಲವು ತಿಂಗಳಾದ ಮೇಲೆ, ಕಲಿತುದಕ್ಕಿಂತ ಮರೆತುದೇ ಹೆಚ್ಚೆಂದು ತೋರುವ ಕಾಲವೊಂದು ಬರುವುದು. ಪುಸ್ತಕಗಳು ಅಟ್ಟವೇರುವುದು ಆಗಲೇ. ಬಿಡಲೊಲ್ಲದವನು ಹೊಸ ಪಾಠವನ್ನು ಸದ್ಯಕ್ಕೆ ನಿಲ್ಲಿಸಿ ಹಳೆಯದನ್ನೇ ತಿದ್ದುವನು. ಮರದ ಚಿಹ್ನೆಗೆ ಅಡ್ಡಗೆರೆಯೊಂದು ಸೇರಿದಾಗ, ಮೇಲಿನ ಗೆರೆ ಉದ್ದವಾದರೆ ‘ಕೊನೆ’, ಕೆಳಗಿನದು ಉದ್ದವಾದರೆ ‘ಇನ್ನೂ ಇಲ್ಲ’. ನೂರು ಸಲ ಬರೆದವನೂ ಇವೆರಡನ್ನು ಅದಲುಬದಲು ಮಾಡುವನು. ಬಿಡಿಯಾಗಿ ನಿಲ್ಲದ ಇವು ಪದಗಳಲ್ಲಿ ನಿಲ್ಲುವುವು. ಮೊದಲನೆಯದು ವಾರಾಂತ್ಯದ ‘ಷೂಮಾತ್ಸು’ವಿನಲ್ಲಿದೆ, ಎರಡನೆಯದು ‘ಮಿರೈ’ ಎಂಬಲ್ಲಿ. ‘ಇನ್ನೂ ಬಾರದುದು’ ಎಂದು ಅದರ ಅಕ್ಷರಾರ್ಥ, ಭವಿಷ್ಯತ್ಕಾಲವೆಂದು ರೂಢಿ. ಸಂಸ್ಕೃತದ ‘ಅನಾಗತ’ವೇ ಅಲ್ಲಿ ಎರಡು ಚಿಹ್ನೆಗಳಾಗಿ ಕುಳಿತಿದೆ.