ಮರಳಿ ಸೈಕಲ್ ಏರುವ ಮುನ್ನ

ಬಿದ್ದವನು ಏಳಬೇಕೆಂಬುದು ಸರ್ವರೂ ಒಪ್ಪುವ ಮಾತು. ಆದರೆ ಎದ್ದವನು ಎಷ್ಟು ದಿನಕ್ಕೆ ಹೆಜ್ಜೆ ಇಡಬೇಕು, ಎಷ್ಟು ದೂರ ನಡೆಯಬೇಕು ಎಂಬ ವಿಚಾರ ಬಂದಾಗ ಮನಸ್ಸು ಒಂದನ್ನು ಹೇಳುತ್ತದೆ, ಶರೀರ ಮತ್ತೊಂದನ್ನು ಹೇಳುತ್ತದೆ. ಇವೆರಡನ್ನೂ ಕೇಳಿ ತೂಗಿ ನೋಡುವ ವಿವೇಕವು ಗಾಯಗೊಂಡವನಿಗೆ ಔಷಧಿಯಷ್ಟೇ ಅವಶ್ಯ. ಇದನ್ನು ನಾವು ಗ್ರಂಥದಲ್ಲಿ ಓದಿ ಹೇಳುತ್ತಿಲ್ಲ. ನಮ್ಮ ಕುಟುಂಬದಲ್ಲಿಯೇ ಕಂಡು ಹೇಳುತ್ತಿದ್ದೇವೆ.

ವಿಜಯಪುರ, ಬಾಗಲಕೋಟೆಗಳ ಸೀಮೆ ಸೈಕಲ್ ಕ್ರೀಡೆಗೆ ನಾಡಿನಲ್ಲೆಲ್ಲ ಹೆಸರಾದುದು. ನಮ್ಮ ತಂಗಿಯ ಮಗನು ವಿಜಯಪುರದ ಒಂದು ಬ್ಯಾಂಕಿನಲ್ಲಿ ನೌಕರ, ವಯಸ್ಸು 42. ಆತನು ಪದಕಕ್ಕಾಗಿ ಸೈಕಲ್ ತುಳಿಯುವವನಲ್ಲ. ಫ್ರಾನ್ಸ್ ದೇಶದಲ್ಲಿ ಹುಟ್ಟಿ ಲೋಕವೆಲ್ಲ ಹರಡಿರುವ ಬ್ರೆವೆ ಎಂಬ ದೂರಸವಾರಿಯಲ್ಲಿ ಆತನಿಗೆ ಆಸಕ್ತಿ. ಇದರಲ್ಲಿ 200 ಕಿ.ಮೀ. ದೂರವನ್ನು ಹದಿಮೂರೂವರೆ ಗಂಟೆಯೊಳಗೆ, 300 ಕಿ.ಮೀ. ದೂರವನ್ನು 20 ಗಂಟೆಯೊಳಗೆ, 600 ಕಿ.ಮೀ. ದೂರವನ್ನು 40 ಗಂಟೆಯೊಳಗೆ ಕ್ರಮಿಸಬೇಕು. ಮೊದಲು ಬಂದವನಿಗೆ ಬಹುಮಾನವಿಲ್ಲ. ಅವಧಿಯೊಳಗೆ ಮುಗಿಸಿದವರೆಲ್ಲರೂ ಸಮಾನರು. ಈ ನಿಯಮವನ್ನು ಕೇಳಿದಾಗ ನಮಗೆ ಬಹಳ ಸಂತೋಷವಾಗಿತ್ತು.

ಒಂದು ಮಳೆಗಾಲದ ನಸುಕಿನಲ್ಲಿ, ರಸ್ತೆಯ ತಿರುವಿನಲ್ಲಿದ್ದ ಜಲ್ಲಿಕಲ್ಲುಗಳ ಮೇಲೆ ಗಾಲಿ ಜಾರಿ, ಆತನು ಎಡ ಹೆಗಲಿನ ಮೇಲೆ ಬಿದ್ದನು. ಕೊರಳೆಲುಬು ಮುರಿಯಿತು. ಸೈಕಲ್ಲಿನಿಂದ ಬಿದ್ದವರಲ್ಲಿ ಹೆಚ್ಚಾಗಿ ಮುರಿಯುವ ಎಲುಬುಗಳಲ್ಲಿ ಇದೂ ಒಂದು. ಹೆಗಲಿಗೆ ಅಥವಾ ನೆಲಕ್ಕೆ ಊರಿದ ಕೈಗೆ ತಗುಲಿದ ಪೆಟ್ಟು ನೇರವಾಗಿ ಈ ತೆಳ್ಳನೆಯ ಎಲುಬಿಗೆ ಬಂದು ಸೇರುತ್ತದೆ. ಶಸ್ತ್ರಚಿಕಿತ್ಸೆಯ ಅವಶ್ಯಕತೆ ಬೀಳಲಿಲ್ಲ. ಕೈಯನ್ನು ಜೋಳಿಗೆಯಲ್ಲಿ ಕಟ್ಟಿ, ಎಲುಬು ಕೂಡಿಕೊಳ್ಳಲು ಆರೆಂಟು ವಾರಗಳಾದರೂ ಬೇಕೆಂದು ವೈದ್ಯರು ತಿಳಿಸಿದರು.

ನಮ್ಮ ತಂಗಿಯಂತೂ ನಮ್ಮನ್ನು ಕರೆಯಿಸಿ, "ಅಣ್ಣಾ, ನೀನರ ಇವಗ ತಿಳಿಸಿ ಹೇಳು. ಆ ಸೈಕಲ್ ಮಾರಿಬಿಡಲಿ" ಎಂದು ಕಣ್ಣೀರು ತೆಗೆದಳು. ಆತನ ಪತ್ನಿ ಏನನ್ನೂ ಹೇಳಲಿಲ್ಲ. ಆದರೆ ಸೈಕಲ್ಲಿಗೆ ಹಳೆಯ ಸೀರೆಯೊಂದನ್ನು ಹೊದಿಸಿ ಅಟ್ಟದ ಕೋಣೆಯಲ್ಲಿ ಇಟ್ಟಿದ್ದಳು. ತಾಯಿಯ ಮಾತಿಗಿಂತಲೂ ಆ ಸೀರೆಯೇ ಆತನಿಗೆ ಹೆಚ್ಚು ನಾಟಿತೆಂದು ನಾವು ಬಲ್ಲೆವು.

ನಾಲ್ಕನೆಯ ವಾರದಲ್ಲಿ ವೈದ್ಯರ ಒಪ್ಪಿಗೆ ಪಡೆದು, ಆತನು ಮನೆಯಲ್ಲಿಯೇ ಟ್ರೇನರ್ ಎಂಬ ಯಂತ್ರದ ಮೇಲೆ ಅಭ್ಯಾಸ ಆರಂಭಿಸಿದನು. ಸೈಕಲ್ಲಿನ ಹಿಂದಿನ ಗಾಲಿಯನ್ನು ತೆಗೆದು ಈ ಯಂತ್ರಕ್ಕೆ ಜೋಡಿಸುತ್ತಾರೆ. ಒಳಗಿರುವ ಅಯಸ್ಕಾಂತಗಳು ಭಾರವಾದ ಚಕ್ರವನ್ನು ತಡೆದು ಹಿಡಿಯುವುದರಿಂದ, ನಿಂತಲ್ಲಿಯೇ ಏರುದಾರಿಯ ಶ್ರಮ ಉಂಟಾಗುತ್ತದೆ. ಪೆಡಲಿನ ತೋಳಿನಲ್ಲಿ ಪವರ್ ಮೀಟರ್ ಎಂಬ ಮಾಪಕವಿರುತ್ತದೆ. ತುಳಿದಾಗ ಲೋಹವು ಕಣ್ಣಿಗೆ ಕಾಣದಷ್ಟು ಬಾಗುತ್ತದೆ. ಆ ಬಾಗುವಿಕೆಯನ್ನು ಅಳೆದು, ತಿರುಗುವ ವೇಗದೊಡನೆ ಗುಣಿಸಿ, ಸವಾರನ ಶಕ್ತಿಯನ್ನು ವ್ಯಾಟ್ ಲೆಕ್ಕದಲ್ಲಿ ಅದು ತೋರಿಸುತ್ತದೆ. ಇಂತಹ ಮಾಪಕವನ್ನು ಜರ್ಮನಿಯ ಉಲ್ರಿಚ್ ಶೋಬೆರರ್ ಎಂಬ ತಂತ್ರಜ್ಞರು 1986ರಲ್ಲಿ ಬಳಕೆಗೆ ತಂದರು.

ಗಾಯಕ್ಕೆ ಮುನ್ನ ನಮ್ಮ ಅಳಿಯನು ಒಂದು ಗಂಟೆಯ ಕಾಲ 210 ವ್ಯಾಟ್ ಶಕ್ತಿಯನ್ನು ಕಾಯ್ದುಕೊಳ್ಳುತ್ತಿದ್ದನು. ನಮ್ಮ ಮನೆಗಳ ಹಳೆಯ ಸೀಲಿಂಗ್ ಫ್ಯಾನಿಗೆ ಸುಮಾರು 75 ವ್ಯಾಟ್ ಬೇಕು. ಅಂದರೆ ಹತ್ತಿರಹತ್ತಿರ ಮೂರು ಫ್ಯಾನುಗಳ ಶಕ್ತಿ. ಈಗ 120 ವ್ಯಾಟ್ ಬರುವಷ್ಟರಲ್ಲಿ ಏದುಸಿರು. "ಮಾವಾ, ಈ ಯಂತ್ರ ಮುಲಾಜಿ ಇಟಗೊಳ್ಳೂದಿಲ್ರಿ" ಎಂದು ನಕ್ಕನಾದರೂ ಮುಖ ಬಾಡಿತ್ತು.

ನಾವು ಮಠದ ಪಾಠಶಾಲೆಯಲ್ಲಿದ್ದಾಗ, ವಿಷಮಜ್ವರದಿಂದ ಎದ್ದ ವಿದ್ಯಾರ್ಥಿಗೆ ಗುರುಗಳು ಬಿಟ್ಟ ಪಾಠವನ್ನು ಒಮ್ಮೆಲೆ ಒಪ್ಪಿಸಲು ಹೇಳುತ್ತಿರಲಿಲ್ಲ. ಮೊದಲ ದಿನ ಹತ್ತು ಸಾಲು, ಮರುದಿನ ಹದಿನೈದು. ಅದನ್ನೇ ನಾವು ಆತನಿಗೆ ಹೇಳಿದೆವು. ಆತನೂ ಹಾಗೆಯೇ ನಡೆದುಕೊಂಡನು. ದಿನಕ್ಕೆ ಇಪ್ಪತ್ತು ನಿಮಿಷ, ಅನಂತರ ಅರ್ಧ ಗಂಟೆ. ಇಷ್ಟು ವ್ಯಾಟ್ ಮೀರಬಾರದೆಂಬ ಗೆರೆಯನ್ನು ತಾನೇ ಎಳೆದುಕೊಂಡನು. ಜೊತೆಗೆ ಹೆಗಲಿನ ವ್ಯಾಯಾಮಗಳೂ ಇದ್ದವು: ಬಾಗಿ ನಿಂತು ಕೈಯನ್ನು ಲೋಲಕದಂತೆ ತೂಗುವುದು, ಗೋಡೆಯ ಮೇಲೆ ಬೆರಳುಗಳನ್ನು ಮೆಲ್ಲನೆ ಏರಿಸುವುದು, ರಬ್ಬರಿನ ಪಟ್ಟಿಯನ್ನು ಎಳೆಯುವುದು.

ಹನ್ನೊಂದನೆಯ ವಾರಕ್ಕೆ ಯಂತ್ರವು 200 ವ್ಯಾಟ್ ತೋರಿಸಿತು. ಎಲುಬು ಕೂಡಿದೆಯೆಂದು ಕ್ಷಕಿರಣದ ಚಿತ್ರವೂ ಹೇಳಿತು. ಆತನು ಗೆಳೆಯರೊಡನೆ ಸೊಲ್ಲಾಪುರಕ್ಕೆ ಹೋಗಿಬರಲು ಹೊರಟನು. ಹೋಗಿ ಬಂದರೆ ಸುಮಾರು 200 ಕಿ.ಮೀ. ಭೀಮಾ ನದಿಯನ್ನು ದಾಟಿ ಸೊಲ್ಲಾಪುರ ಮುಟ್ಟುವವರೆಗೂ ತೊಂದರೆ ಇರಲಿಲ್ಲ. ಮರಳುವ ದಾರಿಯಲ್ಲಿ ಹೆಗಲು ನೋಯತೊಡಗಿತು. ಝಳಕಿಯ ಬಳಿಗೆ ಬರುವಷ್ಟರಲ್ಲಿ ಎಡಗೈಯಿಂದ ಬ್ರೇಕ್ ಹಿಡಿಯುವುದೂ ಕಷ್ಟವಾಯಿತು. ಕಾಲುಗಳಲ್ಲಿ ಇನ್ನೂ ಬಲವಿತ್ತು, ಗೆಳೆಯರು ಹುರಿದುಂಬಿಸುತ್ತಿದ್ದರು. ಆದರೂ ಆತನು ಇಳಿದನು. ಮನೆಗೆ ಫೋನ್ ಮಾಡಿ ವಾಹನವನ್ನು ತರಿಸಿಕೊಂಡನು.

ಕಾರಣವನ್ನು ಅನಂತರ ವ್ಯಾಯಾಮ ಚಿಕಿತ್ಸಕರು ವಿವರಿಸಿದರು. ಯಂತ್ರದ ಮೇಲೆ ಸೈಕಲ್ ಅಲುಗದೆ ನಿಂತಿರುತ್ತದೆ. ಅಲ್ಲಿ ತಗ್ಗುಗಳಿಲ್ಲ, ಗಾಳಿಯಿಲ್ಲ, ಸಮತೋಲನದ ಚಿಂತೆಯಿಲ್ಲ. ರಸ್ತೆಯ ಪ್ರತಿಯೊಂದು ಕುಲುಕಾಟವನ್ನೂ ತಡೆಯಬೇಕಾದ ಹೆಗಲಿನ ಸ್ನಾಯುಗಳು ತಿಂಗಳುಗಟ್ಟಲೆ ಸುಮ್ಮನಿದ್ದುದರಿಂದ ಸೊರಗಿದ್ದವು. ಮಾಪಕವು ಕಾಲಿನ ಸುದ್ದಿಯನ್ನು ಹೇಳೀತು. ಹೆಗಲಿನ ಸುದ್ದಿಯನ್ನು ಹೇಳಲಾರದು. ಅದನ್ನು ಸವಾರನೇ ಕೇಳಿಸಿಕೊಳ್ಳಬೇಕು.

ಅಮೆರಿಕದ ಗ್ರೆಗ್ ಲೆಮಾಂಡ್ ಅವರ ಕಥೆಯನ್ನು ಸೈಕಲ್ ಪ್ರಿಯರು ಬಲ್ಲರು. 1986ರಲ್ಲಿ ಟೂರ್ ದ ಫ್ರಾನ್ಸ್ ಗೆದ್ದ ಅವರು, 1987ರ ಏಪ್ರಿಲ್‌ನಲ್ಲಿ ಬೇಟೆಯ ಸಮಯದಲ್ಲಿ ಆಕಸ್ಮಿಕವಾಗಿ ಗುಂಡೇಟಿಗೆ ಗುರಿಯಾಗಿ ಸಾವಿನ ಬಾಗಿಲಿಗೆ ಹೋಗಿ ಬಂದರು. ಆ ವರ್ಷದ ಹಾಗೂ ಮರುವರ್ಷದ ಟೂರ್‌ಗಳಲ್ಲಿ ಅವರು ಸ್ಪರ್ಧಿಸಲಾಗಲಿಲ್ಲ. 1989ರ ಜುಲೈ 23ರಂದು, ಕೊನೆಯ 24.5 ಕಿ.ಮೀ. ಓಟದಲ್ಲಿ 50 ಸೆಕೆಂಡುಗಳ ಹಿನ್ನಡೆಯನ್ನು ದಾಟಿ, ಕೇವಲ 8 ಸೆಕೆಂಡುಗಳ ಅಂತರದಿಂದ ಗೆದ್ದರು. ಗಾಳಿಯನ್ನು ಸೀಳಲೆಂದು ಅವರು ಅಳವಡಿಸಿಕೊಂಡಿದ್ದ ವಿಶೇಷ ಹ್ಯಾಂಡಲಿನ ಬಗ್ಗೆ ಜನ ಇಂದಿಗೂ ಮಾತನಾಡುತ್ತಾರೆ. ಆದರೆ ಆ ಹ್ಯಾಂಡಲನ್ನು ಹಿಡಿಯುವ ಮುನ್ನ ಎರಡು ವರ್ಷಗಳ ಸಹನೆ ಇತ್ತೆಂಬುದನ್ನು ಮರೆಯಲಾಗದು.

ಎರಡು ತಿಂಗಳ ತರುವಾಯ ನಮ್ಮ ಅಳಿಯನು ಅದೇ ದಾರಿಯನ್ನು 12 ಗಂಟೆ 40 ನಿಮಿಷಗಳಲ್ಲಿ ಪೂರೈಸಿದನು. ಮೊದಲಿಗಿಂತ ಒಂದು ಗಂಟೆ ತಡ. ಆತನ ಪತ್ನಿಯನ್ನು ನಾವು ಮಾತನಾಡಿಸಿದಾಗ, "ಮುಗಿಸಿ ಬಂದದ್ದಕ್ಕಿಂತ, ಅವತ್ತು ಝಳಕ್ಯಾಗ ಇಳದರಲ್ರಿ, ಆವಾಗನ ನನ್ನ ಅಂಜಿಕಿ ಹೋತು" ಎಂದಳು. ತಡೆದುಕೊಳ್ಳಬಲ್ಲವನನ್ನು ಕಳುಹಿಸಿಕೊಡಲು ಮನೆಯವರಿಗೆ ಧೈರ್ಯ ಬರುತ್ತದೆ.

ಓದುಗ ಬಂಧುಗಳ ಮನೆಗಳಲ್ಲಿ ಗಾಯದಿಂದ ಚೇತರಿಸಿಕೊಳ್ಳುತ್ತಿರುವ ಮಕ್ಕಳು, ಅಳಿಯಂದಿರು ಇರಬಹುದು. ಸೈಕಲ್ ಮಾರೆಂದು ಒಮ್ಮೆಲೆ ಹಟ ಹಿಡಿಯಬೇಡಿರಿ. ಬೇಗ ಏಳೆಂದು ಅವಸರಪಡಿಸಲೂ ಬೇಡಿರಿ. ವೈದ್ಯರು ಹಾಕಿಕೊಟ್ಟ ಅವಧಿ ಮುಗಿಯುವವರೆಗೆ ಅವರ ಜೊತೆಗಿರಿ. "ಇವತ್ತಿಗೆ ಇಷ್ಟು ಸಾಕು" ಎಂದು ಅವರು ತಾವಾಗಿಯೇ ಹೇಳಿದ ದಿನ, ಹೊದಿಸಿದ ಸೀರೆಯನ್ನು ತೆಗೆದುಕೊಡಬಹುದು.