ಬೀಗ ಹಾಕಿದ ಮನೆಯ ಬ್ಯಾಟರಿ

ಶಿಕಾರಿಪುರದಿಂದ ಶಿರಾಳಕೊಪ್ಪ ದಾಟಿ ಸೊರಬದ ಕಡೆ ಹೊರಟರೆ ಗದ್ದೆ, ಅಡಿಕೆ ತೋಟ, ಕೆರೆ. ನಡುನಡುವೆ ಬೀಗ ಹಾಕಿದ ಹೆಂಚಿನ ಮನೆಗಳು, ಮಕ್ಕಳು ಬೆಂಗಳೂರಲ್ಲಿ. ಹಬ್ಬಕ್ಕೆ ಬಂದು ಬಾಗಿಲು ತೆಗೆದರೆ ಯುಪಿಎಸ್ ಗಪ್‌ಚಿಪ್. ‘ಬ್ಯಾಟರಿ ಹೋಯ್ತು, ಹೊಸದು ತರೋಣ’ ಅನ್ನೋ ಮೊದಲು ಸ್ವಲ್ಪ ತಡೀರಿ.

ಬ್ಯಾಟರಿ ತಿಂಗಳುಗಟ್ಟಲೆ ಖಾಲಿ ಬಿದ್ದಿದ್ದರೆ ಒಳಗಿನ ಸೀಸದ ಪ್ಲೇಟುಗಳ ಮೇಲೆ ಸಲ್ಫೇಟ್ ಹರಳುಗಟ್ಟುತ್ತೆ. 12 ವೋಲ್ಟಿನ ಬ್ಯಾಟರಿ 10.5ಕ್ಕಿಂತ ತುಂಬಾ ಕೆಳಗಿಳಿದರೆ ಎಷ್ಟೋ ಯುಪಿಎಸ್‌ಗಳು ಅದನ್ನು ಚಾರ್ಜ್ ಮಾಡೋದೇ ಇಲ್ಲ. ಬ್ಯಾಟರಿ ಅಂಗಡಿಗೆ ಒಯ್ದು, ಕಡಿಮೆ ಕರೆಂಟಲ್ಲಿ ಒಂದೆರಡು ದಿನ ನಿಧಾನವಾಗಿ ಚಾರ್ಜ್ ಮಾಡಿಸಿ. ಎಲ್ಲವೂ ಅಲ್ಲ, ಕೆಲವು ಬದುಕುತ್ತವೆ. ಪ್ಲೇಟ್ ಹೊರಗೆ ಕಾಣುತ್ತಿದ್ದರೆ ಮೊದಲು ಮುಳುಗುವಷ್ಟು ಡಿಸ್ಟಿಲ್ಡ್ ವಾಟರ್ ಹಾಕಿಸಿ.

ಊರು ಬಿಡುವಾಗ ಪೂರ್ತಿ ಚಾರ್ಜ್ ಮಾಡಿ, ವೈರ್ ಬಿಚ್ಚಿಸಿಡಿ. ಎರಡು-ಮೂರು ತಿಂಗಳಿಗೊಮ್ಮೆ ಮತ್ತೆ ಚಾರ್ಜ್ ಆಗಲಿ. ಊರಿಗೆ ಬರೋಕೂ ಅದೊಂದು ನೆಪ.