ಹಾಡಿನ ಅಳತೆ, ಪಾಠದ ಅಳತೆ

ದೀಪಾವಳಿ ರಜೆಗೆ ಬೆಂಗಳೂರಿನಿಂದ ಬಂದ ಮಗ ಮತ್ತು ನನ್ನ ಅಣ್ಣನ ಮಗ ಬೋನಾಳ ಕೆರೆ ಏರಿಯ ಮೇಲೆ ವಾದಕ್ಕಿಳಿದಿದ್ದರು. ವಿಷಯ ಥ್ರ್ಯಾಶ್ ಮೆಟಲ್ ಎಂಬ ಅಬ್ಬರದ ಸಂಗೀತ. ಸ್ಲೇಯರ್ ತಂಡದ 1986ರ ‘ರೇನ್ ಇನ್ ಬ್ಲಡ್’ ಆಲ್ಬಮ್‌ನಲ್ಲಿ 10 ಹಾಡು, ಒಟ್ಟು ಸುಮಾರು 29 ನಿಮಿಷ. ಇಷ್ಟೇ ಸಾಕು ಎಂಬುದು ಮಗನ ವಾದ. ಮೆಟಾಲಿಕಾದ 1988ರ ‘ಆ್ಯಂಡ್ ಜಸ್ಟಿಸ್ ಫಾರ್ ಆಲ್’ನಲ್ಲಿ 9 ಹಾಡು, 65 ನಿಮಿಷ. ಹಾಡು ಬೆಳೆಯಲು ಸಮಯ ಬೇಡವೇ ಎಂದು ಇನ್ನೊಬ್ಬ.

ನಾನೂ ಬಾಯಿ ಹಾಕಿದೆ. ಹಳೆಯ ಗ್ರಾಮಫೋನ್ ತಟ್ಟೆಯ ಒಂದು ಮಗ್ಗುಲಿಗೆ ಹಿಡಿಯುತ್ತಿದ್ದುದು ಸುಮಾರು 3 ನಿಮಿಷ. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಅಷ್ಟರಲ್ಲೇ ಹಾಡಿ, ಕೊನೆಗೆ ತಮ್ಮ ಹೆಸರನ್ನೂ ಹೇಳಿದರು. ನಮ್ಮ ಗದುಗಿನ ಭೀಮಸೇನ ಜೋಶಿಯವರೋ, ಕಛೇರಿಯಲ್ಲಿ ಒಂದೇ ರಾಗವನ್ನು ಗಂಟೆಯವರೆಗೂ ಬೆಳೆಸಬಲ್ಲವರಾಗಿದ್ದರು. “ಅಳತೆ ಗಡಿಯಾರದಲ್ಲಿಲ್ಲ, ಕೇಳುವವನ ಮನಸ್ಸಿನಲ್ಲಿದೆ” ಎಂದೆ.

ಮಗ ನಕ್ಕ. “ಅಪ್ಪಾ, ನಿಮ್ಮ ಪಾಠ ಗಂಟಿ ಹೊಡೆದ ಮ್ಯಾಲೂ ಹತ್ತು ನಿಮಿಷ ನಡೀತಿತ್ತು. ಹಿಂದಿನ ಬೆಂಚಿನ್ಯಾಗ ನಾವು ಏನೂ ಕೇಳಿಸ್ಕೊಂತಿರಲಿಲ್ಲ.”

ಆ ರಾತ್ರಿ ನಿದ್ದೆ ಬರಲಿಲ್ಲ. ಈಗ ಗಂಟೆಗೆ 5 ನಿಮಿಷ ಮೊದಲೇ ನಿಲ್ಲಿಸಿ ಸುಮ್ಮನೆ ನಿಲ್ಲುತ್ತೇನೆ. ಕಳೆದ ವಾರ ಕೊನೆಯ ಬೆಂಚಿನ ಹುಡುಗಿ ಎದ್ದು, “ಸರ್, ಕೆರಿ ನೀರಾಗ ಹಕ್ಕಿ ನೆರಳು ತಲೆಕೆಳಗ ಯಾಕ ಕಾಣ್ತದ?” ಎಂದಳು. ಬೆಳಕಿನ ಪಾಠ ಮುಗಿಸಿದ್ದೇನೆಂದು ತಿಳಿದಿದ್ದೆ. ಅದು ಶುರುವಾದದ್ದೇ ಆಗ.